ಎರಡು ಹವೆಗೆ ಒಂದೇ ಚೀಲ

ಬೇಸಗೆಯ ರಜೆ ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೂ ಬದಲಾಗುತ್ತದೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳ ಮಾತು ಹಿಂದೆ ಸರಿದು ರೈಲು, ಟಿಕೀಟು, ಪೆಟ್ಟಿಗೆಗಳ ಮಾತು ಮುಂದೆ ಬರುತ್ತದೆ. ಈ ವಾರ ಬೆಂಗಳೂರಿನ ಸೋದರಿಯೊಬ್ಬರ ಪತ್ರವನ್ನು ಕೈಗೆತ್ತಿಕೊಂಡಿದ್ದೇನೆ. ಮೇ ತಿಂಗಳ ನಡುವೆ ಅವರ ಮನೆಯ ಐವರು, ಎಂದರೆ ದಂಪತಿಗಳು, 10 ಮತ್ತು 14 ವರ್ಷದ ಇಬ್ಬರು ಮಕ್ಕಳು, 68 ವರ್ಷದ ಅತ್ತೆ, ದೆಹಲಿ ಹರಿದ್ವಾರಗಳ ಮಾರ್ಗವಾಗಿ ಕೇದಾರ ಬದರಿಗಳಿಗೆ ಹೊರಟಿದ್ದಾರೆ. ಒಟ್ಟು 16 ದಿನಗಳ ಪ್ರವಾಸ. “ಒಬ್ಬರಿಗೆ ಒಂದೇ ಚೀಲ, ಅದಕ್ಕಿಂತ ಹೆಚ್ಚು ಕೂಡದೆಂದು ನಮ್ಮ ಯಜಮಾನರ ಕಟ್ಟಪ್ಪಣೆ. ಅತ್ತೆಯವರು ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ ಆಗಲೇ ಬಿಸಿಲಿಗಿಟ್ಟಿದ್ದಾರೆ. ದೆಹಲಿಯ ಉರಿಗೂ ಕೇದಾರದ ಚಳಿಗೂ ಆಗುವಂತೆ ಬಟ್ಟೆ ಜೋಡಿಸುವ ಹೊಣೆ ಮಾತ್ರ ನನ್ನದು” ಎಂದು ಅವರು ಬರೆಯುತ್ತಾರೆ. ಅತ್ತೆಯವರಿಗೆ ಇದು ಇಪ್ಪತ್ತು ವರ್ಷಗಳ ಬಯಕೆಯಂತೆ. ಅವರನ್ನು ಕ್ಷೇಮವಾಗಿ ಕರೆದೊಯ್ದು ಕ್ಷೇಮವಾಗಿ ಕರೆತರಬೇಕೆಂಬುದೇ ಸೊಸೆಯ ಚಿಂತೆ.

ಬಟ್ಟೆಗಳ ಪಟ್ಟಿಯನ್ನು ಬರೆಯುವುದಕ್ಕೆ ಮುನ್ನ ದಾರಿಯ ಎತ್ತರಗಳ ಪಟ್ಟಿಯನ್ನು ಬರೆದುಕೊಳ್ಳುವುದು ಲೇಸು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ದೆಹಲಿ ಇನ್ನೂರು ಚಿಲ್ಲರೆ ಮೀಟರ್, ಹರಿದ್ವಾರ 314 ಮೀಟರ್. ಅಲ್ಲಿಂದ ಮೇಲೆ ಜೋಶಿಮಠಕ್ಕೆ ಬರುವಾಗ 1,900 ಮೀಟರಿನ ಆಸುಪಾಸು, ಬದರಿ 3,100, ಕೇದಾರ 3,583. ಸಾವಿರ ಮೀಟರ್ ಏರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆಂಬುದು ಭೂಗೋಳದ ಪಾಠದಲ್ಲಿ ಎಲ್ಲರೂ ಓದಿದ ಸಂಗತಿ. ಲೆಕ್ಕ ಹಾಕಿ ನೋಡಿ. ಹರಿದ್ವಾರದಲ್ಲಿ ಮಧ್ಯಾಹ್ನ 38 ಡಿಗ್ರಿ ಇದ್ದರೆ ಅದೇ ಹೊತ್ತಿಗೆ ಕೇದಾರದಲ್ಲಿ 17 ಡಿಗ್ರಿ. ಅದೂ ಬಿಸಿಲಿದ್ದರೆ ಮಾತ್ರ. ಮೋಡ ಕವಿದು ಗಾಳಿ ಎದ್ದರೆ ಆ ಹದಿನೇಳು ಕ್ಷಣದಲ್ಲಿ ಕರಗಿಹೋಗುತ್ತದೆ. ರಾತ್ರಿ ಸೊನ್ನೆಯ ಸಮೀಪಕ್ಕೆ ಬರುವುದುಂಟು. ಮೇ ತಿಂಗಳಲ್ಲಿ ಹಿಮ ಬೀಳುವುದೂ ಉಂಟು. ದೆಹಲಿಯಲ್ಲಾದರೋ ಅದೇ ವಾರ 40 ಡಿಗ್ರಿಗೆ ಮೇಲ್ಪಟ್ಟ ಬಿಸಿಲು, ಲೂ ಎಂಬ ಬಿಸಿಗಾಳಿ. ಬೆಂಗಳೂರಿನವರಾದ ನಾವು ಈ ಎರಡನ್ನೂ ಕಂಡವರಲ್ಲ. ನಮ್ಮ ನಗರದಲ್ಲಿ ಇದುವರೆಗೆ ದಾಖಲಾದ ಅತಿ ದೊಡ್ಡ ಚಳಿಯೆಂದರೆ 1884ರ ಜನವರಿಯ 7.8 ಡಿಗ್ರಿ!

ಹೀಗಿರುವಾಗ ಬಿಸಿಲಿಗೆ ಒಂದು ಪೆಟ್ಟಿಗೆ, ಚಳಿಗೆ ಇನ್ನೊಂದು ಪೆಟ್ಟಿಗೆ ಎಂದು ಮನಸ್ಸು ಓಡುವುದು ಸಹಜ. ಆದರೆ ಬೇಕಾಗಿರುವುದು ಎರಡು ಪೆಟ್ಟಿಗೆಯಲ್ಲ. ಒಂದರ ಮೇಲೊಂದು ಧರಿಸಬಹುದಾದ ತೆಳುವಾದ ಬಟ್ಟೆಗಳು. ನಮ್ಮನ್ನು ಬೆಚ್ಚಗಿಡುವುದು ಬಟ್ಟೆಯೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಬೆಚ್ಚಗಿಡುವುದು ಬಟ್ಟೆಯ ಎಳೆಗಳ ನಡುವೆ, ಪದರಗಳ ನಡುವೆ ಅಲುಗಾಡದೆ ನಿಂತ ಗಾಳಿ. ಮೈಗೆ ಅಂಟಿದಂತೆ ಒಂದು ತೆಳು ಒಳಉಡುಪು, ಅದರ ಮೇಲೆ ಉಣ್ಣೆಯ ಒಂದು ಸ್ವೆಟರು, ಅದರ ಮೇಲೆ ಗಾಳಿಯನ್ನೂ ಮಳೆಯನ್ನೂ ತಡೆಯುವ ಹಗುರವಾದ ಮೇಲಂಗಿ: ಈ ಮೂರು ಸೇರಿದರೆ ದಪ್ಪನೆಯ ಓವರ್‌ಕೋಟು ಮಾಡುವ ಕೆಲಸವನ್ನು ಮಾಡುತ್ತವೆ. ಓವರ್‌ಕೋಟನ್ನು ಅರ್ಧ ತೆಗೆಯಲು ಬರುವುದಿಲ್ಲ. ಪದರಗಳನ್ನಾದರೆ ಒಂದೊಂದಾಗಿ ಕಳಚಬಹುದು, ಒಂದೊಂದಾಗಿ ತೊಡಬಹುದು. ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಾಕುವ ಸಾಧಾರಣ ಸ್ವೆಟರೇ, ಒಳಗೆ ಹೊರಗೆ ಜೊತೆಗಾರರನ್ನು ಕೊಟ್ಟರೆ, ಕೇದಾರಕ್ಕೂ ಸಲ್ಲುತ್ತದೆ.

ಇಲ್ಲಿ ನಾನು ತುಸು ನಿಂತು ಹತ್ತಿಯ ವಿಚಾರವನ್ನು ಹೇಳಲೇಬೇಕು. ಅನೇಕರು ಎಡವುವುದು ಇಲ್ಲಿಯೇ. ಹತ್ತಿ ನಮ್ಮ ಹವೆಗೆ ಅಮೃತದಂತಹ ವಸ್ತು. ಬೆವರನ್ನು ಹೀರುತ್ತದೆ, ಆ ಬೆವರು ಆರುವಾಗ ಮೈಯ ಕಾವನ್ನು ಕೊಂಡೊಯ್ಯುತ್ತದೆ. ದೆಹಲಿಯ ಒಣ ಬಿಸಿಲಿನಲ್ಲಿ ತೋಳು ತುಂಬ ಮುಚ್ಚುವ ಸಡಿಲವಾದ ಹತ್ತಿಯ ಅಂಗಿಗಿಂತ ಉತ್ತಮವಾದ ಉಡುಪು ಇಲ್ಲ. ಆದರೆ ಯಾವ ಗುಣದಿಂದ ಅದು ಅಲ್ಲಿ ಮಿತ್ರನೋ ಅದೇ ಗುಣದಿಂದ ಬೆಟ್ಟದ ಮೇಲೆ ಶತ್ರು. ಹತ್ತಿ ನೆನೆದಾಗ ಎಳೆಗಳ ನಡುವಿನ ಗಾಳಿಯ ಸ್ಥಾನವನ್ನು ನೀರು ಆಕ್ರಮಿಸುತ್ತದೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮಿಗಿಲಾಗಿ ಶಾಖವನ್ನು ಸಾಗಿಸುವ ವಸ್ತು. ಗೌರಿಕುಂಡದಿಂದ ಕೇದಾರದ ನಡಿಗೆ ಹಿಂದೆ 14 ಕಿಲೋಮೀಟರ್ ಇದ್ದುದು 2013ರ ಜೂನ್ ತಿಂಗಳ ಪ್ರವಾಹದಲ್ಲಿ ಹಳೆಯ ದಾರಿ ಕೊಚ್ಚಿಹೋದ ತರುವಾಯ ಸುಮಾರು 16 ಕಿಲೋಮೀಟರ್ ಆಗಿದೆ. ಆ ಏರನ್ನು ಹತ್ತುವಾಗ ಎಂಥ ಚಳಿಯಲ್ಲಿಯೂ ಬೆನ್ನು ಬೆವೆಯುತ್ತದೆ. ಹತ್ತಿಯ ಬನಿಯನ್ ಒದ್ದೆಯಾಗುತ್ತದೆ. ಮಧ್ಯಾಹ್ನದ ಮೇಲೆ ಮಳೆ ಹನಿಯಲಾರಂಭಿಸುತ್ತದೆ. ಮೇಲೆ ಮುಟ್ಟಿ ನಿಂತಾಗ ಮೈಗೆ ಅಂಟಿದ ಆ ಒದ್ದೆ ಬಟ್ಟೆ ದೇಹದ ಕಾವನ್ನು ಹೀರಿಕೊಳ್ಳತೊಡಗುತ್ತದೆ. ಮೇಲೆ ಎಷ್ಟು ಸ್ವೆಟರು ಹೊದ್ದರೂ ನಡುಕ ನಿಲ್ಲುವುದಿಲ್ಲ.

ಉಣ್ಣೆಯ ನಡತೆಯೇ ಬೇರೆ. ಅದು ತನ್ನ ತೂಕದ ಶೇಕಡ 30ರಷ್ಟು ತೇವವನ್ನು ಎಳೆಯ ಒಳಗೇ ಅಡಗಿಸಿಕೊಂಡು ಮುಟ್ಟಿದರೆ ಒಣಗಿದಂತೆಯೇ ತೋರುತ್ತದೆ, ಬೆಚ್ಚಗೂ ಇಡುತ್ತದೆ. ಈ ವಿದ್ಯೆ ನಮ್ಮವರಿಗೆ ಹೊಸತೇನಲ್ಲ. ಸುರಿಯುವ ಮಳೆಯಲ್ಲಿ ಕಂಬಳಿಯ ಕೊಪ್ಪೆ ಹಾಕಿಕೊಂಡು ಗದ್ದೆಯ ಅಂಚಿನಲ್ಲಿ ನಿಲ್ಲುವ ಮಲೆನಾಡಿನ ರೈತನಿಗೂ, ಕುರಿಯ ಮಂದೆಯ ಹಿಂದೆ ಬಯಲಿನಲ್ಲಿ ರಾತ್ರಿ ಕಳೆಯುವ ಕುರುಬರಿಗೂ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಂಬಳಿ ಪ್ರಯಾಣಕ್ಕೆ ಭಾರವೆಂಬುದು ನಿಜ. ಅದನ್ನು ಹೊತ್ತೊಯ್ಯಿರೆಂದು ನಾನು ಹೇಳುತ್ತಿಲ್ಲ. ಉಣ್ಣೆಯ ತೆಳುವಾದ ಒಳಉಡುಪು ಈಗ ದೊರೆಯುತ್ತದೆ; ಬೆಲೆ ಹೆಚ್ಚೆಂದು ತೋರಿದರೆ ಥರ್ಮಲ್ ಎಂದು ಮಾರುವ ಕೃತಕ ನೂಲಿನದಾದರೂ ಆದೀತು. ಅದು ನೀರನ್ನು ಹಿಡಿದಿಡದೆ ಬೇಗ ಆರುತ್ತದೆ. ಕೊಳ್ಳುವಾಗ ಚೀಟಿಯನ್ನು ಓದಿ. ಥರ್ಮಲ್ ಎಂಬ ಹೆಸರಿನಲ್ಲಿಯೇ ಪೂರ್ತಿ ಹತ್ತಿಯದನ್ನೂ ಮಾರುತ್ತಾರೆ.

ಅತ್ತೆಯವರ ವಿಷಯಕ್ಕೆ ಬರೋಣ. ಅವರು ನಿತ್ಯವೂ ಸ್ನಾನ ಮಾಡಿ ಒಗೆದು ಹರವಿದ ಹತ್ತಿಯ ಸೀರೆಯನ್ನೇ ಮಡಿಗೆ ಉಡುವವರು, ಅದನ್ನು ಬಿಡಿಸುವುದು ಹೇಗೆಂದು ಪತ್ರದಲ್ಲಿ ಕೇಳಿದ್ದಾರೆ. ಬಿಡಿಸುವ ಮಾತು ಬೇಡ. ಬದರಿಯಲ್ಲಿ ಹರವಿದ ಹತ್ತಿಯ ಸೀರೆ ಎರಡು ದಿನವಾದರೂ ಆರದೆಂಬುದನ್ನು ತಿಳಿಸಿ, ಧಾವಳಿಯನ್ನು ನೆನಪಿಸಿದರೆ ಸಾಕು. ಉಣ್ಣೆಗೂ ರೇಷ್ಮೆಗೂ ನಿತ್ಯ ಒಗೆಯುವ ನಿಯಮವಿಲ್ಲವೆಂದು ಹಿರಿಯರೇ ಮಾಡಿಟ್ಟ ಏರ್ಪಾಡು ಅದು. ಅವರ ತಾಯಿಯೂ ಅಜ್ಜಿಯೂ ಧಾವಳಿ ಉಟ್ಟು ಅಡಿಗೆ ಮಾಡಿದ್ದನ್ನು ಅತ್ತೆಯವರು ಕಂಡೇ ಇರುತ್ತಾರೆ. ಒಂದು ಹಗುರವಾದ ರೇಷ್ಮೆ ಸೀರೆ, ಮೇಲೆ ಹೊದೆಯಲು ಒಂದು ಉಣ್ಣೆಯ ಶಾಲು: ಇದರಿಂದ ಮಡಿಯೂ ಉಳಿಯುತ್ತದೆ, ಮೈಯೂ ಬೆಚ್ಚಗಿರುತ್ತದೆ. ಸೀರೆಯೊಳಗೆ ಲಂಗದ ಬದಲು, ಅಥವಾ ಲಂಗದ ಕೆಳಗೆ, ಉದ್ದನೆಯ ಥರ್ಮಲ್ ಷರಾಯಿ ಧರಿಸಿದರೆ ಹೊರಗೆ ಯಾರಿಗೂ ಕಾಣುವುದಿಲ್ಲ. ಮೊದಲು ನಗುತ್ತಾರೆ, ಸೋನ್‌ಪ್ರಯಾಗದ ಬೆಳಗಿನ ಗಾಳಿ ಬೀಸಿದ ಮೇಲೆ ಇನ್ನೊಂದಿದೆಯೇ ಎಂದು ಕೇಳುತ್ತಾರೆ.

ಮತ್ತೊಂದು ಮಾತನ್ನು ಮನೆಯವರೆಲ್ಲರೂ ಕೇಳಿಸಿಕೊಳ್ಳಬೇಕು. ಅತ್ತೆಯವರು ನಡೆಯುವುದಿಲ್ಲ, ಕುದುರೆಯ ಮೇಲೋ ನಾಲ್ವರು ಹೊರುವ ಡಂಡಿಯಲ್ಲೋ ಹೋಗುತ್ತಾರೆ ಎಂದಿದ್ದೀರಿ. ಹಾಗಾದರೆ ಆಯಾಸವಿಲ್ಲ, ಬಟ್ಟೆ ಕಡಿಮೆ ಸಾಕೆಂದು ತೋರಬಹುದು. ನಿಜ ಸಂಗತಿ ಇದಕ್ಕೆ ವಿರುದ್ಧ. ನಡೆಯುವವನ ಮೈಯೊಳಗೆ ಒಲೆ ಉರಿಯುತ್ತಿರುತ್ತದೆ. ಕುಳಿತವರಿಗೆ ಆ ಒಲೆಯಿಲ್ಲ. ಗಾಳಿಯೂ ಮಳೆಯೂ ನೇರವಾಗಿ ಅವರ ಮೊಣಕಾಲಿಗೆ ಬಡಿಯುತ್ತವೆ. ವಯಸ್ಸಾದವರಿಗೆ ನಡುಕದಿಂದ ಕಾವು ಹುಟ್ಟಿಸಿಕೊಳ್ಳುವ ಶಕ್ತಿಯೂ ಕಡಿಮೆ, ಚಳಿಯಾಗುತ್ತಿದೆಯೆಂಬ ಅರಿವೂ ತಡ. ಆದುದರಿಂದ ನಡೆದು ಹತ್ತುವ ಮಗ ಸ್ವೆಟರನ್ನು ತೆಗೆದು ಚೀಲದಲ್ಲಿಟ್ಟ ಸಮಯದಲ್ಲಿಯೇ ಕುಳಿತ ತಾಯಿಗೆ ಮೂರು ಪದರಗಳೂ, ಕಿವಿ ಮುಚ್ಚುವ ಟೋಪಿಯೂ, ಕೈಗವಸೂ, ಮೊಣಕಾಲಿನ ಮೇಲೆ ಶಾಲೂ, ಅದರ ಮೇಲೆ ಮಳೆ ಹಾಳೆಯೂ ಇರತಕ್ಕದ್ದು. ಡಂಡಿ ಮುಂದೆ ಹೋಗಿ, ನೀವು ಹಿಂದೆ ಉಳಿದು, ಬಟ್ಟೆಯ ಚೀಲ ನಿಮ್ಮ ಬೆನ್ನಿನಲ್ಲಿಯೇ ಇದ್ದರೆ ಎಲ್ಲವೂ ವ್ಯರ್ಥ. ಅವರ ಒಣಬಟ್ಟೆಯ ಗಂಟು ಅವರ ಮಡಿಲಲ್ಲಿಯೇ ಇರಲಿ.

ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಬರಿಯ ಚಳಿಯಲ್ಲ, ಪ್ರಾಣಕ್ಕೆ ಅಪಾಯವಾದ ಸ್ಥಿತಿ. ಮೊದಲು ತಡೆಯಲಾಗದ ನಡುಕ, ಅನಂತರ ತೊದಲು ಮಾತು, ಗುಂಡಿ ಹಾಕಲೂ ಬಾರದ ಬೆರಳು, ಎಡವುವ ಕಾಲು, ಮಂಕು. ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿದರೆ ಸಮಾಧಾನಪಡಬಾರದು; ಅದು ಇನ್ನೂ ಕೆಟ್ಟ ಚಿಹ್ನೆ. ಗಾಳಿಯಿಂದ ಮರೆಗೆ ಕರೆದೊಯ್ದು, ಒದ್ದೆ ಬಟ್ಟೆಯನ್ನೆಲ್ಲ ತೆಗೆದು, ಒಣಬಟ್ಟೆಯಲ್ಲಿ ತಲೆಯಿಂದ ಕಾಲಿನವರೆಗೆ ಸುತ್ತಿ, ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯವನ್ನು ಕೊಟ್ಟು, ದಾರಿಯ ವೈದ್ಯಕೀಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸಬೇಕು. ಎತ್ತರದ ಹವೆಯಿಂದ ಬರುವ ತಲೆನೋವು, ವಾಕರಿಕೆ, ಉಸಿರಿನ ತೊಂದರೆಗಳಿಗೆ ಬಟ್ಟೆ ಮದ್ದಲ್ಲ. ಹೊರಡುವ ಮುನ್ನ ಅತ್ತೆಯವರನ್ನು ವೈದ್ಯರಿಗೆ ತೋರಿಸಿ ಅವರ ಮಾತಿನಂತೆ ನಡೆಯಿರಿ.

ಇನ್ನು ಪಟ್ಟಿ. ಒಬ್ಬೊಬ್ಬರ ಚೀಲವೂ 7 ಕಿಲೋಗ್ರಾಂ ಮೀರದಿರಲಿ. ವಿಮಾನದ ಒಳಗೆ ಕೈಯಲ್ಲಿ ಒಯ್ಯಲು ಬಿಡುವ ತೂಕವೂ ಸಾಮಾನ್ಯವಾಗಿ ಅಷ್ಟೇ, ಅರವತ್ತರ ಮೇಲಿನವರು ಮೆಟ್ಟಿಲಿನ ಮೇಲೆ ಎತ್ತಬಹುದಾದುದೂ ಸುಮಾರಾಗಿ ಅಷ್ಟೇ. ಗಂಡಸರಿಗೆ ಮೈಮೇಲಿನದೂ ಸೇರಿ ಎರಡು ಷರಾಯಿ, ಮೂರು ಅಂಗಿ, ರಾತ್ರಿಗೆ ಒಂದು ಪಂಚೆ. ಷರಾಯಿಗಳಲ್ಲಿ ಒಂದಾದರೂ ಬೇಗ ಆರುವ ತೆಳು ಬಟ್ಟೆಯದಾಗಿರಲಿ. ಜೀನ್ಸ್ ಬೇಡ, ಅದು ಹತ್ತಿಯಲ್ಲಿಯೇ ಅತ್ಯಂತ ದಪ್ಪ, ನೆನೆದರೆ ಕಾಲಿಗೆ ಕಟ್ಟಿದ ಕಲ್ಲು. ಸೋದರಿಗೆ ಮೂರು ಜೊತೆ ಸಲ್ವಾರ್ ಕಮೀಜು, ದೇವಾಲಯಕ್ಕೆ ಒಂದು ಸೀರೆ. ಎಲ್ಲರಿಗೂ ನಾಲ್ಕು ಜೊತೆ ಒಳಉಡುಪು, ಎರಡು ಜೊತೆ ಥರ್ಮಲ್, ಒಂದು ಉಣ್ಣೆಯ ಸ್ವೆಟರು, ಒಂದು ಗಾಳಿ ಮಳೆ ತಡೆಯುವ ಮೇಲಂಗಿ, ಟೋಪಿ, ಕೈಗವಸು, ಉಣ್ಣೆಯ ಕಾಲುಚೀಲ ಮೂರು ಜೊತೆ. ಮೂರನೆಯ ಜೊತೆಯನ್ನು ನಡೆಯಲು ಬಳಸಬೇಡಿ. ಬೆಳಗಿನ ಜಾವದ ದರ್ಶನಕ್ಕೆ ಪಾದರಕ್ಷೆ ಬಿಟ್ಟು ಕಲ್ಲುಚಪ್ಪಡಿಯ ಮೇಲೆ ಸಾಲಿನಲ್ಲಿ ನಿಂತಾಗ ಅದರ ಬೆಲೆ ತಿಳಿಯುತ್ತದೆ. ಟರ್ಕಿ ಟವೆಲ್ಲಿನ ಸ್ಥಾನದಲ್ಲಿ ನಮ್ಮ ಪಾಣಿಪಂಚೆ ಇರಲಿ. ಬದರಿಯ ತಪ್ತಕುಂಡದ ಬಿಸಿನೀರಿನಿಂದ ಮೇಲೆದ್ದೊಡನೆ ಮೈ ಒರಸಿಕೊಳ್ಳಲು ಅದೇ ಸಾಕು. ಹಿಂಡಿದರೆ ಅರ್ಧ ಆರಿಯೇ ಇರುತ್ತದೆ.

ಬಣ್ಣಗಳ ಬಗೆಗೆ ಒಂದು ಗುಟ್ಟು. ಮೂರು ಮೇಲಂಗಿಗಳು ಎರಡು ಕೆಳ ಉಡುಪುಗಳೊಡನೆ ಯಾವುದಕ್ಕೆ ಯಾವುದಾದರೂ ಹೊಂದುವಂತಿದ್ದರೆ ಆರು ಜೊತೆಯಾಗುತ್ತದೆ. ಒಂದಕ್ಕೊಂದು ಮಾತ್ರ ಹೊಂದುವ ಜೊತೆಗಳಾದರೆ ಆರಕ್ಕೆ ಹನ್ನೆರಡು ಬಟ್ಟೆ ಹೊರಬೇಕು. ನೀಲಿ, ಬೂದಿ, ಕಂದುಗಳ ನಡುವೆ ಆಯ್ಕೆ ಇರಲಿ. ಭಾವಚಿತ್ರಗಳಲ್ಲಿ ದಿನವೂ ಅದೇ ಸ್ವೆಟರು ಕಾಣುತ್ತದೆಂದು ಮಗಳು ಕೊರಗಿದರೆ ಎರಡು ಬಣ್ಣದ ತೆಳು ದುಪ್ಪಟ್ಟಾಗಳನ್ನು ಕೊಡಿ. ಸೀರೆಯನ್ನು ಆರಿಸುವಾಗ ಕಂಚಿಯ ಭಾರಿ ಜರಿ ಬೇಡ. ಮೈಸೂರಿನ ಕ್ರೇಪ್ ರೇಷ್ಮೆ ಹಗುರ, ಸುರುಳಿ ಸುತ್ತಿಟ್ಟರೂ ಸುಕ್ಕು ನಿಲ್ಲುವುದಿಲ್ಲ. 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ರೇಷ್ಮೆ ಕಾರ್ಖಾನೆಯ ಆ ನೇಯ್ಗೆ ಮದುವೆಮನೆಗಷ್ಟೇ ಮೀಸಲೆಂದು ಬೀರುವಿನಲ್ಲಿ ಬೀಗ ಹಾಕಿಡುವುದು ನನಗೆ ಒಪ್ಪಿಗೆಯಿಲ್ಲ.

ಹದಿನಾರು ದಿನಕ್ಕೆ ಮೂರು ಅಂಗಿ ಸಾಲುವುದೆಂತು? ಒಗೆಯುವ ಸ್ಥಳವನ್ನು ಮೊದಲೇ ಗೊತ್ತುಮಾಡಿಕೊಂಡರೆ ಸಾಲುತ್ತದೆ. ಹರಿದ್ವಾರದ ಒಣ ಬಿಸಿಲಿನಲ್ಲಿ ಸಂಜೆ ಒಗೆದದ್ದು ಬೆಳಗಿಗೆ ಗರಿಗರಿ. ಹೋಗುವಾಗ ಅಲ್ಲಿ ಎಲ್ಲವನ್ನೂ ಒಗೆಯಿರಿ, ಬರುವಾಗ ಮತ್ತೊಮ್ಮೆ. ಮೇಲೆ ಬೆಟ್ಟದಲ್ಲಿ ಒಗೆಯುವ ಸಾಹಸವೇ ಬೇಡ. ಅನಿವಾರ್ಯವಾದರೆ ಹಿಂಡಿದ ಬಟ್ಟೆಯನ್ನು ಒಣಗಿದ ಪಾಣಿಪಂಚೆಯೊಳಗೆ ಸುರುಳಿ ಸುತ್ತಿ ಕಾಲಿನಿಂದ ಒತ್ತಿ, ಆಮೇಲೆ ಹರವಬೇಕು. ಒಂದು ಸಾಬೂನಿನ ತುಂಡು, ನಾಲ್ಕು ಮಾರು ನೈಲಾನ್ ಹಗ್ಗ, ಹತ್ತು ಸೇಫ್ಟಿ ಪಿನ್ನು, ಇವಿಷ್ಟೂ ಸೇರಿ ಒಂದು ಅಂಗಿಯ ತೂಕವಿಲ್ಲ.

ದೆಹಲಿಗಾಗಿ ತಂದ ತೆಳು ಬಟ್ಟೆಗಳನ್ನು ಬೆಟ್ಟಕ್ಕೆ ಹೊರಬೇಕಾಗಿಯೂ ಇಲ್ಲ. ಹರಿದ್ವಾರದಲ್ಲಿ ಇಳಿದುಕೊಳ್ಳುವ ವಸತಿಗೃಹದಲ್ಲಿಯೇ ಒಂದು ಚೀಲವನ್ನು ಬಿಟ್ಟುಹೋಗಲು ಸಾಮಾನ್ಯವಾಗಿ ಒಪ್ಪುತ್ತಾರೆ. ರೈಲು ನಿಲ್ದಾಣದ ಕ್ಲೋಕ್‌ರೂಮಿನಲ್ಲಿ ಇಡುವುದಾದರೆ ಚೀಲಕ್ಕೆ ಬೀಗವಿರಲೇಬೇಕು. ಗುಪ್ತಕಾಶಿ, ಸೋನ್‌ಪ್ರಯಾಗಗಳಲ್ಲಿ ಇನ್ನಷ್ಟು ಇಳಿಸಿ, ನಡಿಗೆಗೆ ಮೂರು ನಾಲ್ಕು ಕಿಲೋಗ್ರಾಂ ಮಾತ್ರ ಉಳಿಸಿಕೊಳ್ಳಿ. ಅದರಲ್ಲಿ ಮೊದಲ ಸ್ಥಾನ ಪ್ಲಾಸ್ಟಿಕ್ ಚೀಲದೊಳಗೆ ಬಿಗಿಯಾಗಿ ಕಟ್ಟಿದ ಒಂದು ಜೊತೆ ಒಣ ಒಳಉಡುಪಿಗೆ. ಮೇಲೆ ಮುಟ್ಟಿದೊಡನೆ, ಚಹಾ ಕುಡಿಯುವುದಕ್ಕೂ ಮುನ್ನ, ಅದನ್ನು ಬದಲಾಯಿಸಬೇಕು. ಬೆನ್ನಿನ ಚೀಲ ಮಳೆ ತಡೆಯುತ್ತದೆಂಬ ಅಂಗಡಿಯವನ ಮಾತನ್ನು ನಂಬಿ ಒಳಗಿನ ಪ್ಲಾಸ್ಟಿಕ್ ಚೀಲವನ್ನು ಬಿಡಬೇಡಿ. ಗೌರಿಕುಂಡದಲ್ಲಿ ಅಗ್ಗದ ಪ್ಲಾಸ್ಟಿಕ್ ಮಳೆಯಂಗಿ ಮಾರುತ್ತಾರೆ. ಅದು ಒಂದೇ ದಿನದಲ್ಲಿ ಹರಿಯುತ್ತದೆ, ಹರಿದದ್ದು ಆ ಕಣಿವೆಯಲ್ಲಿಯೇ ಉಳಿಯುತ್ತದೆ. ಬೆಂಗಳೂರಿನಿಂದಲೇ ಒಳ್ಳೆಯದೊಂದನ್ನು ಒಯ್ಯುವುದು ಮೇಲು. (ಬೆಟ್ಟದ ಮೇಲೆ ಭಾಷೆಯ ಚಿಂತೆ ಬೇಡ. ಕೇದಾರದ ರಾವಲರು ಪರಂಪರೆಯಿಂದ ದಕ್ಷಿಣದ ವೀರಶೈವರು, ಬಹುಮಟ್ಟಿಗೆ ಕನ್ನಡ ನಾಡಿನವರು. ಆ ಅಂಗಳದಲ್ಲಿ ಕನ್ನಡದ ಮಾತು ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.)

ಟ್ರಂಕಿನ ತಕರಾರು ಬಾಕಿ ಇದೆ. ರೈಲಿನ ನಿಯಮ ಯಜಮಾನರ ಪರವಾಗಿಲ್ಲ. ಸ್ಲೀಪರ್ ತರಗತಿಯಲ್ಲಿ ಒಬ್ಬರಿಗೆ 40 ಕಿಲೋಗ್ರಾಂ ಉಚಿತವಾಗಿ ಒಯ್ಯಬಹುದು. ಆದರೆ ದೆಹಲಿಯಲ್ಲಿ ರೈಲು ಬದಲಿಸುವಾಗ, ಬಾಡಿಗೆ ಗಾಡಿಯ ತಲೆಯ ಮೇಲೆ ಏರಿಸುವಾಗ ಅದನ್ನು ಎತ್ತುವವರು ಯಾರು? ಬಹುತೇಕ ಮನೆಗಳಲ್ಲಿ ಸೊಸೆ ಅಥವಾ ಹಿರಿಯ ಮಗ. ಅತ್ತೆಯವರಿಗೆ ಟ್ರಂಕು ಬೇಕಾಗಿರುವುದು ಬಟ್ಟೆಗಾಗಿ ಅಲ್ಲವೆಂದು ನನ್ನ ಊಹೆ. ಹಿಂದಿನ ಕಾಲದಲ್ಲಿ ಕಾಶಿಗೆ ಹೋದವರು ಮರಳಿ ಬಂದರೆ ಪುಣ್ಯವೆಂದು ಹೊರಡುತ್ತಿದ್ದರು. ಬೇಕಾದದ್ದೆಲ್ಲ ತಮ್ಮ ಕೈಯಳತೆಯಲ್ಲಿರಬೇಕೆಂಬ ಭಾವನೆ ಆಗಿನದು. ಅವರಿಗೆಂದು ಬೀಗವಿರುವ ಒಂದು ಪುಟ್ಟ ಕೈಚೀಲವನ್ನು ಕೊಟ್ಟು, ಜಪಸರ, ಕನ್ನಡಕ, ಔಷಧ, ಒಂದು ಜೊತೆ ಬಟ್ಟೆ, ಪ್ರಸಾದಕ್ಕೆ ಖಾಲಿ ಜಾಗ ಇವು ಅದರಲ್ಲಿರಲಿ, ಬೀಗದ ಕೈ ಅವರ ಸೆರಗಿನಲ್ಲಿರಲಿ. ಟ್ರಂಕಿನಲ್ಲಿ ಬೇವಿನ ಎಲೆ ಹಾಕಿ ಮನೆಯ ಉಣ್ಣೆ ಬಟ್ಟೆಗಳನ್ನು ಇಡಬಹುದು.

ಉಣ್ಣೆ ಬಟ್ಟೆಯ ಪ್ರಸ್ತಾಪ ಬಂದುದರಿಂದ ಕೊಳ್ಳುವ ಕಾಲದ ಬಗೆಗೂ ಹೇಳಿಬಿಡುತ್ತೇನೆ. ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಸ್ವೆಟರು ಹುಡುಕುವುದು ಕಷ್ಟ, ಸಿಕ್ಕರೆ ಬೆಲೆ ದುಬಾರಿ. ನವೆಂಬರ್ ಡಿಸೆಂಬರುಗಳಲ್ಲಿ ನಮ್ಮ ನಗರಗಳ ಬೀದಿಬದಿಯಲ್ಲಿ ಟಿಬೆಟನ್ನರು ಸ್ವೆಟರಿನ ಅಂಗಡಿಗಳನ್ನು ತೆರೆಯುತ್ತಾರೆ. 1960ರ ದಶಕದಿಂದ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ನೆಲೆಸಿದ ಅವರಲ್ಲಿ ಅನೇಕರಿಗೆ ಇದು ಚಳಿಗಾಲದ ಕಸುಬು. ಸರಕು ಬಹುಮಟ್ಟಿಗೆ ಲೂಧಿಯಾನದ್ದು. ಬರುವ ವರ್ಷ ಪ್ರವಾಸ ಯೋಚಿಸುತ್ತಿರುವವರು ಅಲ್ಲಿ ಕೊಳ್ಳಲಿ. ಈ ವರ್ಷ ಹೊರಡುವವರು ನೆಂಟರಿಷ್ಟರಲ್ಲಿ ಕೇಳಿ ಪಡೆಯುವುದರಲ್ಲಿ ನಾಚಿಕೆಯೇನೂ ಇಲ್ಲ.

ರಜೆಗೆ ಕರಾವಳಿಯ ಕಡೆ ಹೊರಟವರು ಈ ಪಟ್ಟಿಯನ್ನು ಹಾಗೆಯೇ ಅನುಸರಿಸಬಾರದು. ಉಡುಪಿ, ಕೊಲ್ಲೂರುಗಳ ಬಿಸಿಲು ದೆಹಲಿಯದಕ್ಕಿಂತ ಬಹಳ ಕಡಿಮೆ. ಆದರೆ ಗಾಳಿಯಲ್ಲಿಯೇ ನೀರು ತುಂಬಿರುವುದರಿಂದ ಬೆವರು ಆರುವುದಿಲ್ಲ, ಒಗೆದದ್ದೂ ಬೇಗ ಆರುವುದಿಲ್ಲ. ಅಲ್ಲಿಗೆ ಅತಿ ತೆಳುವಾದ ಮಲ್ಲಿನ ಬಟ್ಟೆ, ಒಂದು ಜೊತೆ ಹೆಚ್ಚಾಗಿಯೇ ಇರಲಿ. ಇನ್ನು ಮಗಳ ಬಾಣಂತನಕ್ಕೆಂದು ಚಳಿಗಾಲದಲ್ಲಿ ಅಮೆರಿಕಕ್ಕೆ ಹೋಗುವ ತಾಯಂದಿರು ದಪ್ಪ ಸ್ವೆಟರುಗಳನ್ನೇ ತುಂಬಿಕೊಳ್ಳುತ್ತಾರೆ. ಅಲ್ಲಿಯ ಮನೆಯ ಒಳಗೆ ಬೆಂಗಳೂರಿನ ಹವೆ, ಹೊಸ್ತಿಲು ದಾಟಿದರೆ ಹಿಮ. ಒಳಗೆ ಮಾಮೂಲು ಹತ್ತಿಯ ಸೀರೆಯೇ ಸಾಕು. ಹೊರಗಿನ ಕೋಟನ್ನು ಮಗಳೇ ಅಲ್ಲಿ ಕೊಡಿಸಲಿ, ಆ ಊರಿನ ಚಳಿಗೆ ತಕ್ಕದ್ದು ಆ ಊರಿನಲ್ಲಿಯೇ ದೊರೆಯುತ್ತದೆ. ಉಳಿದ ತೂಕದಲ್ಲಿ ಹುಳಿಪುಡಿ ಹೋಗುತ್ತದೆಂಬುದು ನನಗೆ ಗೊತ್ತು.

ಮಕ್ಕಳ ಚೀಲವನ್ನು ಮಕ್ಕಳೇ ಕಟ್ಟಲಿ, ನೀವು ತಕ್ಕಡಿ ಹಿಡಿದು ನಿಲ್ಲಿ. ಭಾರವಾದದ್ದು ಬೆನ್ನಿಗೆ ಸಮೀಪವಾಗಿ, ಮೊದಲು ಬೇಕಾಗುವುದು ಮೇಲ್ಗಡೆ. ಹತ್ತು ವರ್ಷದವನ ಮೈಗೆ ದೊಡ್ಡವರಿಗಿಂತ ಬೇಗ ಚಳಿ ಹತ್ತುತ್ತದೆ, ಆದರೂ ಆಟದ ಭರದಲ್ಲಿ ಟೋಪಿ ಎಸೆದಿರುತ್ತಾನೆ. ಅವನ ಟೋಪಿಗೂ ಕೈಗವಸಿಗೂ ಒಂದು ದಾರ ಹೊಲಿದು ಅಂಗಿಗೆ ಕಟ್ಟಿಬಿಡಿ. ಪ್ರವಾಸಕ್ಕೆಂದು ಹೊಸ ಬೂಟು ಕೊಂಡಿದ್ದರೆ ಐವರೂ ಅದನ್ನು ಇಂದಿನಿಂದಲೇ ಹಾಕಿಕೊಂಡು ಸಂಜೆ ಒಂದು ಗಂಟೆ ನಡೆಯಬೇಕು, ಅದೂ ಉಣ್ಣೆಯ ಕಾಲುಚೀಲದ ಸಮೇತ. ಕಾಲು ಕಚ್ಚುವುದಾದರೆ ಬಸವನಗುಡಿಯ ಬೀದಿಯಲ್ಲಿ ಕಚ್ಚಲಿ. ಅಲ್ಲಿ ಆಟೋ ಸಿಗುತ್ತದೆ. ಪ್ರಯಾಣದ ಬುತ್ತಿಯ ಬಗೆಗೆ ಅದೇ ಪತ್ರದಲ್ಲಿ ಕೇಳಿರುವ ಪ್ರಶ್ನೆಗೆ ಮುಂದಿನ ವಾರ ಉತ್ತರಿಸುತ್ತೇನೆ.